ಕಂಬ ಬೀಳುವುದು ಬುಡದಲ್ಲಿ

ಮಹಾರಾಷ್ಟ್ರ–ಕರ್ನಾಟಕ ಗಡಿಯ ಉಮರ್ಗಾ, ನಿಲಂಗಾ, ಉದಗೀರದ ಕಡೆ ಏಪ್ರಿಲ್ ಮುಗಿಯುವ ಹೊತ್ತಿಗೆ ರೈತರು ಆಕಾಶದ ಎರಡು ಗುಣವನ್ನು ಗಮನಿಸುತ್ತಾರೆ. ಬೆಳಗಿನಿಂದ ಗಾಳಿ ಆಡದೆ ಧಗೆ ಏರುತ್ತಿದೆಯೇ? ಮಧ್ಯಾಹ್ನದ ಮೇಲೆ ಒಂದು ದಿಕ್ಕಿನಲ್ಲಿ ಕಪ್ಪು ಮೋಡ ಗೋಡೆಯಂತೆ ಎದ್ದಿದೆಯೇ? ಎರಡೂ ಕೂಡಿದರೆ ಸಂಜೆಗೆ ಅವಕಾಳಿ, ಅಂದರೆ ಅಕಾಲಿಕ, ಮಳೆಯ ಸಂಭವ ಹೆಚ್ಚು. ಮಳೆಗೆ ಮೊದಲು ಗಾಳಿ, ಗಾಳಿಗೆ ಮೊದಲು ಧೂಳು. ಹತ್ತು ಹದಿನೈದು ನಿಮಿಷದ ಆ ಗಾಳಿಯಲ್ಲೇ ಪತ್ರಾಗಳು ಹಾರುತ್ತವೆ, ಮಾವು ಉದುರುತ್ತದೆ, ರಸ್ತೆ ಬದಿಯ ಜಾಹೀರಾತು ಫಲಕಗಳು, ದೀಪದ ಕಂಬಗಳು ಮಲಗುತ್ತವೆ.

ಕಂಬ ಬಿದ್ದ ಮರುದಿನ ಕೇಳಿಬರುವ ಮಾತು ಒಂದೇ: "ಗಾಳಿ ಭಾಳ ಜೋರಿತ್ತು." ಇದು ಅರ್ಧ ಸತ್ಯ. ಗಾಳಿ ಜೋರಾಗಿ ಬೀಸುತ್ತದೆ ಎಂದು ಗೊತ್ತಿದ್ದೇ ಕಂಬ ನಿಲ್ಲಿಸುವುದು. ಎಷ್ಟು ಜೋರು ಎಂಬುದಕ್ಕೂ ದೇಶದಲ್ಲಿ ಬರೆದಿಟ್ಟ ಲೆಕ್ಕವಿದೆ. ಆಸರೆಯ ಸ್ಟೇ ವೈರ್ ಇಲ್ಲದೆ ಒಂಟಿಯಾಗಿ ನಿಲ್ಲುವ ಉಕ್ಕಿನ ಕಂಬಗಳು ನಮ್ಮ ಊರುಗಳಲ್ಲಿ ಹೆಚ್ಚುತ್ತಲೇ ಇವೆ: ಬಸ್ ನಿಲ್ದಾಣದ ಹೈಮಾಸ್ಟ್ ದೀಪ, ಮೊಬೈಲ್ ಟವರ್, ಪುಣೆ–ಹೈದರಾಬಾದ್ ಹೆದ್ದಾರಿಯ ಎತ್ತರದ ಫಲಕಗಳು, ಶಾಲೆ ಮೈದಾನದ ಧ್ವಜಸ್ತಂಭ. ಇವು ಯಾಕೆ ನಿಲ್ಲುತ್ತವೆ, ಯಾಕೆ ಬೀಳುತ್ತವೆ ಎಂಬ ಲೆಕ್ಕ ಎಂಜಿನಿಯರರ ಕಡತದಲ್ಲೇ ಉಳಿಯಬಾರದು. ಕಂಬದ ಕೆಳಗೆ ಓಡಾಡುವವರಿಗೂ ಅದು ತಿಳಿದಿರಬೇಕು.

ಗಾಳಿಯ ನಕ್ಷೆ

ಗಾಳಿಯ ಭಾರವನ್ನು ಎಣಿಸುವ ಭಾರತೀಯ ಮಾನಕ ಐಎಸ್ 875, ಭಾಗ 3. 1987ರ ಆವೃತ್ತಿಯನ್ನು 2015ರಲ್ಲಿ ಪರಿಷ್ಕರಿಸಲಾಯಿತು. ಅದರಲ್ಲಿರುವ ನಕ್ಷೆ ಇಡೀ ದೇಶವನ್ನು ಆರು ವೇಗಗಳಾಗಿ ಹಂಚುತ್ತದೆ: ಸೆಕೆಂಡಿಗೆ 33, 39, 44, 47, 50 ಮತ್ತು 55 ಮೀಟರ್. ಬೆಂಗಳೂರಿಗೆ 33, ಪುಣೆಗೆ 39, ಹೈದರಾಬಾದಿಗೆ 44, ಚೆನ್ನೈಗೆ 50. ನಮ್ಮ ಗಡಿಯ ಊರುಗಳು ಪುಣೆ ಮತ್ತು ಹೈದರಾಬಾದಿನ ನಡುವೆ ಇವೆ.

ಈ ವೇಗ ದಿನನಿತ್ಯದ್ದಲ್ಲ. ಬಯಲಿನಲ್ಲಿ ನೆಲದಿಂದ 10 ಮೀಟರ್ ಎತ್ತರದಲ್ಲಿ ಮೂರು ಸೆಕೆಂಡು ಬೀಸುವ ರಭಸದ ಸರಾಸರಿ ಅದು, ಐವತ್ತು ವರ್ಷಕ್ಕೊಮ್ಮೆ ನಿರೀಕ್ಷಿಸುವಂಥದ್ದು. ಸೆಕೆಂಡಿಗೆ 39 ಮೀಟರ್ ಎಂದರೆ ಗಂಟೆಗೆ 140 ಕಿಲೋಮೀಟರ್. 44 ಎಂದರೆ 158. "ಐವತ್ತು ವರ್ಷಕ್ಕೊಮ್ಮೆ" ಎಂದ ಕೂಡಲೇ ನಮ್ಮ ಕಾಲಕ್ಕೆ ಬರಲಿಕ್ಕಿಲ್ಲ ಎಂದು ಸಮಾಧಾನಪಡುವುದು ತಪ್ಪು. ಪ್ರತಿ ವರ್ಷವೂ ಅದಕ್ಕೆ ನೂರರಲ್ಲಿ ಎರಡು ಪಾಲು ಅವಕಾಶವಿರುತ್ತದೆ. ಐವತ್ತು ವರ್ಷ ನಿಲ್ಲುವ ಕಂಬಕ್ಕೆ ಆ ವೇಗ ಅಥವಾ ಅದಕ್ಕೂ ಮೀರಿದ್ದು ಒಮ್ಮೆಯಾದರೂ ಎದುರಾಗುವ ಸಂಭವ ನೂರಕ್ಕೆ 63.

ವೇಗ ಮತ್ತು ಒತ್ತಡದ ಸಂಬಂಧ ಇನ್ನೂ ಕಠಿಣ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ನ್ಯೂಟನ್ನಿನಲ್ಲಿ ಸಿಗುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. 33 ಮೀಟರಿಗೆ ಚದರ ಮೀಟರೊಂದಕ್ಕೆ ಸುಮಾರು 67 ಕಿಲೋ, 39ಕ್ಕೆ 93 ಕಿಲೋ, 44ಕ್ಕೆ 118 ಕಿಲೋ. ಬೆಂಗಳೂರಿನಲ್ಲಿ ಲೆಕ್ಕ ಹಾಕಿದ ಕಂಬದ ನಕಾಶೆಯನ್ನೇ ತಂದು ಹೈದರಾಬಾದಿನಲ್ಲಿ ನಿಲ್ಲಿಸಿದರೆ ಅದರ ಮೇಲಿನ ಭಾರ ಮುಕ್ಕಾಲು ಪಾಲು ಹೆಚ್ಚಾಗುತ್ತದೆ. ಒಂದೂರಿನ ಕಂಬ ಇನ್ನೊಂದೂರಿಗೆ ಒಗ್ಗದಿರಲು ಇಷ್ಟು ಸಾಕು.

ನಕ್ಷೆಯ ವೇಗವನ್ನು ಹಾಗೇ ಬಳಸುವಂತೆಯೂ ಇಲ್ಲ. ಎತ್ತರಕ್ಕೆ ಹೋದಂತೆ ಗಾಳಿ ಹೆಚ್ಚುತ್ತದೆ. ಬಯಲಿನಲ್ಲಿ 30 ಮೀಟರ್ ಎತ್ತರದಲ್ಲಿ ವೇಗ ಶೇ 12ರಷ್ಟು, ಒತ್ತಡ ಶೇ 25ರಷ್ಟು ಹೆಚ್ಚು. ಮನೆ, ಮರಗಳ ನಡುವೆ ಅದು ತಗ್ಗುತ್ತದೆ. ಉಮರ್ಗಾದ ಪೇಟೆಯೊಳಗಿನ ಕಂಬಕ್ಕೂ ಊರ ಹೊರಗೆ ತೊಗರಿ, ಸೋಯಾಬೀನ್ ಹೊಲಗಳ ನಡುವೆ ನಿಂತ ಕಂಬಕ್ಕೂ ಇದೇ ವ್ಯತ್ಯಾಸ. ಬಾಲಾಘಾಟ್ ಪ್ರಸ್ಥಭೂಮಿಯ ಏರು ಅಂಚಿನಲ್ಲಿ ಗಾಳಿ ಇಕ್ಕಟ್ಟಾಗಿ ಇನ್ನಷ್ಟು ವೇಗ ಪಡೆಯುತ್ತದೆ. ಮೂರು ಡಿಗ್ರಿಗಿಂತ ಹೆಚ್ಚು ಏರಿರುವ ಜಾಗಕ್ಕೆ ಮಾನಕ ಬೇರೆ ಗುಣಕವನ್ನೇ ಕೊಟ್ಟಿದೆ, ಅದು 1.36ರವರೆಗೆ ಹೋಗಬಹುದು.

ಇನ್ನೊಂದು ಗುಣಕ ಆಯುಷ್ಯದ್ದು, ಮೋಸಕ್ಕೆ ದಾರಿ ಇರುವುದೂ ಅಲ್ಲೇ. ಐದು ವರ್ಷದ ತಾತ್ಕಾಲಿಕ ರಚನೆ ಎಂದು ಬರೆದರೆ 39 ಮೀಟರ್ ವಲಯದಲ್ಲಿ ವೇಗವನ್ನು 0.76ರಿಂದ ಗುಣಿಸಬಹುದು. ಅಂದರೆ ಒತ್ತಡ ಶೇ 58ಕ್ಕೆ ಇಳಿಯುತ್ತದೆ, ಉಕ್ಕೂ ಕಾಂಕ್ರೀಟೂ ಉಳಿಯುತ್ತದೆ. ಸಂಪರ್ಕ ಗೋಪುರದಂಥ ಮುಖ್ಯ ರಚನೆಗೆ ಮಾತ್ರ ನೂರು ವರ್ಷದ ಲೆಕ್ಕ ಹಿಡಿದು 1.06ರಿಂದ ಗುಣಿಸಬೇಕು. ಐದು ವರ್ಷಕ್ಕೆಂದು ಲೆಕ್ಕ ಹಾಕಿದ ಫಲಕ ಇಪ್ಪತ್ತು ವರ್ಷ ನಿಂತರೆ ಅಷ್ಟೂ ದಿನ ಅದು ಅಪಾಯವನ್ನು ಜನರ ತಲೆಯ ಮೇಲೆ ಹೊತ್ತು ನಿಂತಂತೆ.

ಭೂಕಂಪದ ಪಾಠ, ಗಾಳಿಯ ಪಾಠ

ಈ ಸೀಮೆಯಲ್ಲಿ ಕಟ್ಟಡದ ಮಾತು ಬಂದರೆ ಜನ ಮೊದಲು ನೆನೆಯುವುದು ಭೂಕಂಪವನ್ನು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಔಸಾ ಮತ್ತು ಉಮರ್ಗಾ ತಾಲ್ಲೂಕುಗಳ ಹಳ್ಳಿಗಳು ನೆಲಸಮವಾದವು, ಸಾವಿರಾರು ಜನ ಸತ್ತರು. ಭೂಕಂಪದ ನಕ್ಷೆಯಲ್ಲಿ ಈ ಪ್ರದೇಶ ಆಗ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ತೆಗೆದು, ಈ ಭಾಗವನ್ನು ಮೂರನೇ ವಲಯಕ್ಕೆ ಸೇರಿಸಲಾಯಿತು.

ಅಂದು ಜನರನ್ನು ಕೊಂದದ್ದು ದಪ್ಪ ಕಲ್ಲು ಮಣ್ಣಿನ ಗೋಡೆಗಳ ಭಾರ. ಭೂಕಂಪದ ಬಲ ಕಟ್ಟಡದ ತೂಕವನ್ನು ಅವಲಂಬಿಸುತ್ತದೆ, ತೂಕ ಹೆಚ್ಚಿದಷ್ಟೂ ಹೊಡೆತ ಹೆಚ್ಚು. ಉಕ್ಕಿನ ಕಂಬದ ವಿಷಯದಲ್ಲಿ ಈ ನ್ಯಾಯ ತಿರುಗುಮುರುಗು. 16 ಮೀಟರಿನ ಹೈಮಾಸ್ಟ್ ಕಂಬ ದೀಪಗಳೂ ಸೇರಿ ಹೆಚ್ಚೆಂದರೆ ಆರೇಳು ನೂರು ಕಿಲೋ ತೂಗಬಹುದು. ಭೂಕಂಪ ಅದನ್ನು ಅಡ್ಡಕ್ಕೆ ತಳ್ಳುವ ಬಲ ಆ ತೂಕದ ಒಂದು ಸಣ್ಣ ಪಾಲು. 39 ಮೀಟರ್ ವೇಗದ ಗಾಳಿ ತಳ್ಳುವ ಬಲವಾದರೋ ಸುಮಾರು ಆರು ನೂರು ಕಿಲೋ, ಹೆಚ್ಚೂಕಡಿಮೆ ಕಂಬದ ತೂಕದಷ್ಟೇ. ಹಗುರವಾಗಿರುವುದು ಭೂಕಂಪದಲ್ಲಿ ರಕ್ಷಣೆ, ಗಾಳಿಯಲ್ಲಿ ದೌರ್ಬಲ್ಯ.

ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳದಲ್ಲಿ ಸುಮಾರು 42 ಅಡಿಯ ಕಲ್ಲಿನ ಕಂಬವಿದೆ. ಜಗತಿಯ ಮೇಲೆ ತನ್ನ ತೂಕದಿಂದಲೇ ನಿಂತಿದೆ ಎಂದೇ ಅದು ಪ್ರಸಿದ್ಧ. ಶತಮಾನಗಳ ಗಾಳಿಯನ್ನು ಎದುರಿಸಿದ್ದು ಕಲ್ಲಿನ ಭಾರ. ಉಕ್ಕಿನ ಟೊಳ್ಳು ಕಂಬಕ್ಕೆ ಆ ಭಾರವಿಲ್ಲ. ಅದು ಅಷ್ಟು ಭಾರವನ್ನು ನೆಲದೊಳಗಿನ ಕಾಂಕ್ರೀಟಿನಿಂದ ಎರವಲು ಪಡೆಯಬೇಕು, ಆ ಎರವಲಿನ ಕೊಂಡಿ ಬೋಲ್ಟುಗಳು. ಒಂಟಿ ಕಂಬದ ವಿನ್ಯಾಸವೆಂದರೆ ಬಹುಮಟ್ಟಿಗೆ ಈ ಕೊಂಡಿಯ ವಿನ್ಯಾಸ.

ತುದಿಯಿಂದ ಬುಡಕ್ಕೆ

ಹೈಮಾಸ್ಟ್ ಕಂಬವನ್ನು ಉಕ್ಕಿನ ತಗಡನ್ನು ಎಂಟು, ಹನ್ನೆರಡು, ಹದಿನಾರು ಮುಖಗಳಾಗಿ ಬಗ್ಗಿಸಿ, ಉದ್ದಕ್ಕೆ ವೆಲ್ಡ್ ಮಾಡಿ, ಒಂದರ ಮೇಲೊಂದು ತುಂಡನ್ನು ತೂರಿಸಿ ಮಾಡುತ್ತಾರೆ. ತುದಿ ಸಣ್ಣ, ಬುಡ ದೊಡ್ಡ. ಗಾಳಿ ಎಲ್ಲಿ ತಳ್ಳಿದರೂ ಅದರ ಸನ್ನೆ ಹೆಚ್ಚಾಗುತ್ತ ಬಂದು ಬುಡದಲ್ಲಿ ಗರಿಷ್ಠವಾಗುವುದರಿಂದ ಈ ಆಕಾರ. ಚಪ್ಪಟೆ ಫಲಕಕ್ಕೆ ಹೋಲಿಸಿದರೆ ದುಂಡನೆಯ ಮೈ ಗಾಳಿಯನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಗಾಳಿಗೆ ತುದಿ ತೂಗಾಡುವುದನ್ನು ಕಂಡು ಹೆದರಬೇಕಿಲ್ಲ. ಮಿತಿಯೊಳಗೆ ಬಾಗಿ ಮತ್ತೆ ನೆಟ್ಟಗಾಗುವುದು ಉಕ್ಕಿನ ಗುಣ.

ಈಗ ಲೆಕ್ಕ. 16 ಮೀಟರ್ ಕಂಬದ ಮೈ ಮೇಲೂ ತುದಿಯ ದೀಪಗಳ ಮೇಲೂ ಬೀಳುವ 39 ಮೀಟರ್ ವೇಗದ ಗಾಳಿಯ ಬಲವನ್ನು ಅವುಗಳ ಎತ್ತರದಿಂದ ಗುಣಿಸಿ ಕೂಡಿಸಿದರೆ, ಬುಡದಲ್ಲಿ ಸುಮಾರು 6 ಟನ್-ಮೀಟರ್ ಉರುಳಿಸುವ ಬಲ ಸಿಗುತ್ತದೆ. ಅಂದರೆ ಆರು ಟನ್ ಭಾರವನ್ನು ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ ಕಟ್ಟಿದಂತೆ. ಇದು ಮೊದಲ ಅಂದಾಜು. ಸಪೂರವಾದ ಕಂಬ ಗಾಳಿಯ ಏರಿಳಿತಕ್ಕೆ ತಾನೂ ತೂಗುವುದರಿಂದ ಆ ಚಲನೆಯ ಲೆಕ್ಕವನ್ನೂ ಸೇರಿಸಲು ಮಾನಕ ಹೇಳುತ್ತದೆ.

ಈ ಆರು ಟನ್-ಮೀಟರನ್ನು ಬೇಸ್ ಪ್ಲೇಟಿನ ಸುತ್ತ ಅರ್ಧ ಮೀಟರ್ ವ್ಯಾಸದಲ್ಲಿ ಕೂರಿಸಿದ ಎಂಟು ಫೌಂಡೇಶನ್ ಬೋಲ್ಟುಗಳು ಹೊರಬೇಕು. ಗಾಳಿ ಬೀಸುವ ಕಡೆಯ ಬೋಲ್ಟಿನ ಮೇಲೆ ಸುಮಾರು 6 ಟನ್ ಎಳೆತ ಬೀಳುತ್ತದೆ. ಒಂದು ನಟ್ ಸಡಿಲವಾದರೆ ಅದರ ಪಾಲು ಪಕ್ಕದ ಬೋಲ್ಟಿಗೆ ಹೋಗುತ್ತದೆ.

ಬೋಲ್ಟಿನ ಕೆಳಗೆ ಕಾಂಕ್ರೀಟು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕಾಂಕ್ರೀಟು ಸುಮಾರು 3.6 ಟನ್ ತೂಗುತ್ತದೆ. ಉರುಳುವಾಗ ಅದರ ಸನ್ನೆ ಅರ್ಧ ಮೀಟರ್, ಆದ್ದರಿಂದ ತಡೆಯುವ ಬಲ 1.8 ಟನ್-ಮೀಟರ್. ಬೇಕಾಗಿರುವುದು ಆರು. ಆಳ ಅಷ್ಟೇ ಇರಲಿ, ಉದ್ದ ಮತ್ತು ಅಗಲವನ್ನು ಎರಡೆರಡು ಮೀಟರ್ ಮಾಡಿ. ತೂಕ 14.4 ಟನ್, ಸನ್ನೆ ಒಂದು ಮೀಟರ್, ತಡೆ 14.4 ಟನ್-ಮೀಟರ್. ಉದ್ದ, ಅಗಲ ಇಮ್ಮಡಿಸಿದ್ದಕ್ಕೆ ತಡೆಯುವ ಶಕ್ತಿ ಎಂಟು ಪಟ್ಟಾಯಿತು. ಸುತ್ತಲಿನ ಮಣ್ಣಿನ ನೆರವನ್ನು ಇಲ್ಲಿ ಸೇರಿಸಿಲ್ಲ. ಅದು ಎಷ್ಟು ಸಿಗುತ್ತದೆ ಎಂಬುದು ಮಣ್ಣಿನ ಗುಣಕ್ಕೆ ಬಿಟ್ಟದ್ದು. ಕಂಬದ ಎತ್ತರ, ದೀಪದ ಬೆಳಕು, ಬಣ್ಣ ಎಲ್ಲರಿಗೂ ಕಾಣುತ್ತದೆ. ಗುಂಡಿಯ ಅಗಲದಲ್ಲಿ ಅರ್ಧ ಮೀಟರ್ ಕದ್ದರೆ ಯಾರಿಗೂ ಕಾಣುವುದಿಲ್ಲ. ಗಾಳಿ ಬಂದಾಗ ತೀರ್ಪು ಹೇಳುವುದು ಆ ಅರ್ಧ ಮೀಟರೇ.

ಎರೆಮಣ್ಣಿನ ಸ್ವಭಾವ

ದಖ್ಖನ್ನಿನ ಕಪ್ಪು ಶಿಲೆ ಸವೆದು ಹುಟ್ಟಿದ ಎರೆಮಣ್ಣು ನಮ್ಮ ಜೋಳ, ಕಡಲೆ, ತೊಗರಿಗೆ ತಾಯಿ. ಅಡಿಪಾಯಕ್ಕೆ ಮಾತ್ರ ಅದನ್ನು ನಂಬುವಂತಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹೊಲದಲ್ಲಿ ಕೈ ತೂರುವಷ್ಟು ಬಿರುಕುಗಳಿರುತ್ತವೆ. ಕಂಬದ ಅಡಿಪಾಯದ ಸುತ್ತಲೂ ಅದೇ ಆಗಿರುತ್ತದೆ, ಮಣ್ಣು ಕಾಂಕ್ರೀಟನ್ನು ಬಿಟ್ಟು ದೂರ ಸರಿದಿರುತ್ತದೆ. ಮುಂಗಾರಿಗೆ ಮೊದಲಿನ ಗಾಳಿ ಬೀಸುವುದೂ ಇದೇ ಹೊತ್ತಿಗೆ. ಪಕ್ಕದ ಆಸರೆ ಅತ್ಯಂತ ಕಡಿಮೆ ಇರುವ ವಾರಗಳಲ್ಲೇ ಗಾಳಿಯ ರಭಸ ಅತ್ಯಂತ ಹೆಚ್ಚು. ಹಿಂದೆಯೇ ಬರುವ ಮಳೆ ಬಿರುಕಿನೊಳಗೆ ಇಳಿದು ತಳದ ಮಣ್ಣನ್ನು ಮೆತ್ತಗೆ ಮಾಡುತ್ತದೆ. ತೆನೆ ತುಂಬಿದ ಜೋಳ ಮಳೆಗಾಳಿಗೆ ಮಲಗುವಾಗ ಎಷ್ಟೋ ಸಲ ದಂಟು ಮುರಿದಿರುವುದಿಲ್ಲ, ಹಸಿಮಣ್ಣಿನಲ್ಲಿ ಬೇರಿನ ಹಿಡಿತ ಸಡಿಲಿರುತ್ತದೆ. ಕಂಬದ ಕತೆಯೂ ಹಾಗೇ.

ಇದಕ್ಕೆ ಪರಿಹಾರಗಳು ಹೊಸವಲ್ಲ. ಎರೆಮಣ್ಣಿನ ಪದರ ತೆಳುವಾಗಿದ್ದರೆ ಅದನ್ನು ದಾಟಿ ಗಟ್ಟಿ ಮುರುಮ್ ಅಥವಾ ಬಂಡೆಯ ಮೇಲೆ ಕೂರಿಸಬೇಕು. ಪದರ ದಪ್ಪವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ, ಕೆಳತುದಿ ಗಡ್ಡೆಯಂತೆ ಉಬ್ಬಿದ ಪೈಲುಗಳಿವೆ. ಋತುವಿನೊಂದಿಗೆ ಉಬ್ಬಿ ಕುಗ್ಗುವ ಪದರಕ್ಕಿಂತ ಆಳದಲ್ಲಿ ಅವು ನೆಲವನ್ನು ಹಿಡಿಯುತ್ತವೆ. ತೋಡಿದ ಎರೆಮಣ್ಣನ್ನೇ ಮತ್ತೆ ಗುಂಡಿಗೆ ತುಂಬದೆ ಮುರುಮ್ ಹಾಕಿ ನೀರು ಬಿಟ್ಟು ಧಮ್ಮಸು ಮಾಡಬೇಕು. ಕಂಬದ ಬುಡದಿಂದ ಮಳೆನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಬೇಕು. ಉಕ್ಕು ಮೊದಲು ತುಕ್ಕು ಹಿಡಿಯುವುದು ನೆಲ ಮತ್ತು ಗಾಳಿ ಸೇರುವ ಗೆರೆಯಲ್ಲೇ.

ಬಿರುಗಾಳಿ ಒಂದೇ ಶತ್ರುವಲ್ಲ

ಅವಕಾಳಿ ಮಳೆಯ ಗಾಳಿಗೆ ತನ್ನದೇ ರೀತಿಯಿದೆ. ಕಾದ ನೆಲದಿಂದ ಎದ್ದ ಗಾಳಿ ದೊಡ್ಡ ಮೋಡವಾಗುತ್ತದೆ. ಅದರಿಂದ ಬೀಳುವ ಮಳೆಹನಿ ಕೆಳಗಿನ ಒಣಗಾಳಿಯಲ್ಲಿ ಆವಿಯಾಗುವಾಗ ಸುತ್ತಲಿನ ಗಾಳಿಯನ್ನು ತಂಪು ಮಾಡುತ್ತದೆ. ತಂಪಾದ ಭಾರದ ಗಾಳಿ ಕೆಳಕ್ಕೆ ಕುಸಿದು, ನೆಲಕ್ಕೆ ಬಡಿದು, ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. 1975ರಲ್ಲಿ ನ್ಯೂಯಾರ್ಕಿನ ವಿಮಾನ ದುರಂತವನ್ನು ಪರಿಶೀಲಿಸುತ್ತ ವಿಜ್ಞಾನಿ ಫುಜಿತಾ ಈ ಬಗೆಯ ಗಾಳಿಯನ್ನು ಗುರುತಿಸಿ 'ಡೌನ್‌ಬರ್ಸ್ಟ್' ಎಂದು ಹೆಸರಿಟ್ಟರು. ಚಂಡಮಾರುತ ಸಮುದ್ರದ ತೀರಕ್ಕೆ ಮೀಸಲು, ನಮ್ಮದು ಒಳನಾಡು ಎಂಬ ಧೈರ್ಯ ಇದರ ಮುಂದೆ ನಡೆಯದು. 2014ರ ಫೆಬ್ರವರಿ–ಮಾರ್ಚ್‌ನ ಆಲಿಕಲ್ಲು ಮಳೆ ಮರಾಠವಾಡ ಮತ್ತು ಉತ್ತರ ಕರ್ನಾಟಕದ ರೈತರಿಗೆ ಮೋಡದ ಶಕ್ತಿಯನ್ನು ತೋರಿಸಿಹೋಗಿದೆ.

ಮಂದವಾಗಿ, ಒಂದೇ ಸಮನೆ ಬೀಸುವ ಗಾಳಿಯೂ ಕಂಬವನ್ನು ದಣಿಸುತ್ತದೆ. ದುಂಡು ಕಂಬದ ಹಿಂದೆ ಗಾಳಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿ ಬಿಡುತ್ತದೆ, ಪ್ರತಿ ಸುಳಿಯೂ ಕಂಬವನ್ನು ಅಡ್ಡಕ್ಕೆ ಎಳೆಯುತ್ತದೆ. ಸುಳಿಗಳ ಲಯ ಕಂಬದ ಸಹಜ ಲಯಕ್ಕೆ ಕೂಡಿಕೊಂಡರೆ ತೂಗಾಟ ಬೆಳೆಯುತ್ತದೆ. ಎರಡು ಮೀಟರ್ ವ್ಯಾಸದ, ಸೆಕೆಂಡಿಗೊಮ್ಮೆ ತೂಗುವ ಉಕ್ಕಿನ ಚಿಮಣಿಗೆ ಆ ವೇಗ ಗಂಟೆಗೆ ಬರೀ 36 ಕಿಲೋಮೀಟರ್. ಕೆಲವು ಕಾರ್ಖಾನೆಗಳ ಚಿಮಣಿಯ ಮೇಲ್ತುದಿಗೆ ಸುತ್ತಿದ ತಗಡಿನ ಸುರುಳಿ ಪಟ್ಟಿಗಳು ಇರುವುದು ಈ ಸುಳಿಗಳನ್ನು ಒಡೆಯಲಿಕ್ಕೆ. 1950ರ ದಶಕದಲ್ಲಿ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಸ್ಕ್ರೂಟನ್ ಮತ್ತು ಸಂಗಡಿಗರು ಅವನ್ನು ರೂಪಿಸಿದರು. ಇಂಥ ಲಕ್ಷಾಂತರ ಸಣ್ಣ ತೂಗಾಟಗಳು ಬುಡದ ವೆಲ್ಡಿಂಗಿನಲ್ಲಿ, ತಂತಿ ಜೋಡಿಸುವ ಬಾಗಿಲಿನ ಮೂಲೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟಿಸುತ್ತವೆ. ಎಷ್ಟೋ ವರ್ಷದ ನಂತರ ಒಂದು ಗಾಳಿ ಬಂದು ಅದನ್ನು ಪೂರ್ತಿ ಮಾಡುತ್ತದೆ.

ಎತ್ತರ ತಾನಾಗಿಯೇ ಅಪಾಯವಲ್ಲ. ಬೆಳಗಾವಿಯ ಕೋಟೆ ಕೆರೆಯ ಬಳಿ 2018ರಲ್ಲಿ 110 ಮೀಟರ್ ಎತ್ತರದ ಧ್ವಜಸ್ತಂಭ ನಿಂತಿತು, 2022ರ ಆಗಸ್ಟಿನಲ್ಲಿ ಹೊಸಪೇಟೆಯಲ್ಲಿ 405 ಅಡಿಯದು. ಇಂಥ ಕಡೆ ತಳಪಾಯ, ಮಣ್ಣು, ತೂಗಾಟ ಎಲ್ಲವನ್ನೂ ಲೆಕ್ಕ ಹಾಕದೆ ಕೆಲಸ ಶುರುವಾಗುವುದೇ ಇಲ್ಲ. ಅದೇ ಲೆಕ್ಕ ಹಳ್ಳಿಯ 16 ಮೀಟರ್ ಕಂಬಕ್ಕೂ ಸಲ್ಲಬೇಕು.

ಮುಂಬೈ ಹೇಳಿದ ಸತ್ಯ

2024ರ ಮೇ 13ರ ಸಂಜೆ ಮುಂಬೈನ ಘಾಟ್ಕೋಪರ್‌ನಲ್ಲಿ ಧೂಳುಗಾಳಿಗೆ ದೈತ್ಯ ಜಾಹೀರಾತು ಫಲಕವೊಂದು ಪೆಟ್ರೋಲ್ ಬಂಕಿನ ಮೇಲೆ ಬಿದ್ದು 17 ಜನ ಸತ್ತರು. ಪಾಲಿಕೆಯ ಮಿತಿ 40 ಅಡಿ ಉದ್ದ, 40 ಅಡಿ ಅಗಲ. ಅಲ್ಲಿ ನಿಂತಿದ್ದು 120 ಅಡಿಯದು. ವಿಜೆಟಿಐ ಎಂಜಿನಿಯರಿಂಗ್ ಸಂಸ್ಥೆಯ ತಜ್ಞರ ವರದಿ ಬೊಟ್ಟು ಮಾಡಿದ್ದು ಅಡಿಪಾಯದತ್ತ: ಅದು ತಡೆಯಬಲ್ಲ ಗಾಳಿ ಗಂಟೆಗೆ ಸುಮಾರು 49 ಕಿಲೋಮೀಟರ್, ಅಂದು ಬೀಸಿದ್ದು ಸುಮಾರು 87, ಮಾನಕ ಕೇಳುವುದು 158. ಆ ದಿನದ ಗಾಳಿ ನಕ್ಷೆಯ ಗಾಳಿಯ ಹತ್ತಿರಕ್ಕೂ ಬಂದಿರಲಿಲ್ಲ. "ಗಾಳಿ ಭಾಳ ಜೋರಿತ್ತು" ಎಂಬ ಮಾತು ಅಲ್ಲಿ ಅಂಕಿಗಳಲ್ಲೇ ಸುಳ್ಳಾಯಿತು.

ನಮ್ಮ ಊರುಗಳ ಕಂಬಗಳಿಗೆ ಇನ್ನೊಂದು ಅಪಾಯವನ್ನು ನಾವೇ ಕಟ್ಟುತ್ತೇವೆ. ಹುಟ್ಟುಹಬ್ಬ, ಜಯಂತಿ, ಚುನಾವಣೆ ಬಂದರೆ ದೀಪದ ಕಂಬಕ್ಕೆ ಫ್ಲೆಕ್ಸ್. ಮೂರು ಮೀಟರ್ ಉದ್ದ, ಎರಡು ಮೀಟರ್ ಎತ್ತರದ ಫ್ಲೆಕ್ಸನ್ನು ಚೌಕಟ್ಟಿನೊಂದಿಗೆ ಎಂಟು ಮೀಟರ್ ಎತ್ತರದಲ್ಲಿ ಬಿಗಿದರೆ, ಅದೇ 39 ಮೀಟರ್ ಗಾಳಿಯಲ್ಲಿ ಬುಡಕ್ಕೆ ಐದು ಟನ್-ಮೀಟರಿಗೂ ಹೆಚ್ಚು ಬಲ ಸೇರುತ್ತದೆ. ಆರಕ್ಕೆಂದು ಕಟ್ಟಿದ ಕಂಬ ಹನ್ನೊಂದನ್ನು ಹೊರಬೇಕಾಗುತ್ತದೆ. ಕಂಬ ನಿಲ್ಲಿಸಿದ ಎಂಜಿನಿಯರನ ಲೆಕ್ಕ ಸರಿಯಿದ್ದರೂ ಆ ಫ್ಲೆಕ್ಸ್ ಅದನ್ನು ಒಂದೇ ದಿನದಲ್ಲಿ ಕೆಡಿಸುತ್ತದೆ. ಕಂಬಕ್ಕೆ ಫ್ಲೆಕ್ಸ್ ಕಟ್ಟುವುದನ್ನು ಅಂದಗೇಡು ಎಂದಷ್ಟೇ ನೋಡುವುದು ಸಾಲದು. ಅದು ಜೀವದ ಪ್ರಶ್ನೆ.

ಕೇಳಬೇಕಾದ್ದು, ಅಳೆಯಬೇಕಾದ್ದು

ಗ್ರಾಮ ಪಂಚಾಯತಿ, ನಗರ ಪರಿಷತ್ತುಗಳು ಕಂಬಕ್ಕೆ ಟೆಂಡರ್ ಕರೆಯುವಾಗ ಎತ್ತರ ಮತ್ತು ದೀಪದ ವ್ಯಾಟ್ ಬರೆದು ಬಿಡಬಾರದು. ಯಾವ ಗಾಳಿವೇಗಕ್ಕೆ, ಎಷ್ಟು ವರ್ಷದ ಆಯುಷ್ಯಕ್ಕೆ, ಎಷ್ಟು ಚದರ ಮೀಟರ್ ಫಲಕ ಅಥವಾ ದೀಪಕ್ಕೆ ವಿನ್ಯಾಸ ಮಾಡಿದೆ ಎಂಬುದನ್ನು ಬರೆಸಿಕೊಳ್ಳಬೇಕು. ಆ ಜಾಗದ ಮಣ್ಣನ್ನು ಪರೀಕ್ಷಿಸಿ ಅಡಿಪಾಯದ ನಕಾಶೆ ಮಾಡಿಸಬೇಕು. ಗಾಳಿವೇಗ, ಆಯುಷ್ಯ, ಫಲಕದ ಅಳತೆ ಈ ಮೂರು ಅಂಕಿಗಳನ್ನು ಕಂಬದ ಬುಡದ ತಗಡಿನ ಮೇಲೆ ಮರಾಠಿಯಲ್ಲೂ, ಕನ್ನಡ ಓದುವವರಿರುವ ಹಳ್ಳಿಗಳಲ್ಲಿ ಕನ್ನಡದಲ್ಲೂ ಬರೆಯಿಸಿದರೆ ತಪ್ಪಿಸಿಕೊಳ್ಳುವ ದಾರಿ ಕಡಿಮೆಯಾಗುತ್ತದೆ. ಪ್ರತಿ ವರ್ಷ ಮಾರ್ಚಿನಲ್ಲಿ, ಬಿರುಗಾಳಿ ಶುರುವಾಗುವ ಮೊದಲು, ನಟ್ ಬಿಗಿ ಇದೆಯೇ, ಬುಡಕ್ಕೆ ತುಕ್ಕು ಹತ್ತಿದೆಯೇ, ವೆಲ್ಡಿಂಗ್ ಬಿರಿದಿದೆಯೇ, ಕಾಂಕ್ರೀಟಿನ ಸುತ್ತ ಮಣ್ಣು ಸರಿದಿದೆಯೇ ಎಂದು ನೋಡಬೇಕು. ಸ್ಪ್ಯಾನರ್, ಟಾರ್ಚು, ಬಲ್ಲ ಒಬ್ಬ ಫಿಟ್ಟರ್ ಇದ್ದರೆ ಆಗುವ ಕೆಲಸ ಇದು.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ದಿನವಿದೆ. ಗುಂಡಿ ತೋಡಿ, ಸಲಾಕಿ ಕಟ್ಟಿ, ಬೋಲ್ಟು ನಿಲ್ಲಿಸಿ, ಕಾಂಕ್ರೀಟ್ ಹಾಕಲು ಗೌಂಡಿ ಸಿದ್ಧನಾಗಿರುವ ದಿನ. ಅಡಿಪಾಯದ ಉದ್ದ, ಅಗಲ, ಆಳ ಅಂದು ಟೇಪಿಗೆ ಸಿಗುತ್ತದೆ, ಮರುದಿನ ಸಿಗುವುದಿಲ್ಲ. ದೀಪ ಬೆಳಗುವ ಉದ್ಘಾಟನೆಗೆ ನಾವು ಹತ್ತು ಜನರನ್ನು ಕರೆಯುತ್ತೇವೆ. ಅದರ ಬದಲು ಗುಂಡಿ ತೆರೆದಿರುವ ದಿನ ಊರಿನ ನಾಲ್ವರು ನಕಾಶೆ ಹಿಡಿದು, ಟೇಪಿನಿಂದ ಅಳೆದು, ಫೋಟೊ ತೆಗೆದು, ಪಂಚಾಯತಿಯ ಕಡತಕ್ಕೆ ಸೇರಿಸಲಿ. ನಕಾಶೆಯಲ್ಲಿ ಎರಡು ಮೀಟರ್ ಎಂದಿದ್ದು ಗುಂಡಿಯಲ್ಲಿ ಒಂದೂವರೆ ಇದ್ದರೆ ಕೆಲಸ ನಿಲ್ಲಿಸಲಿ. ಆ ಹಕ್ಕು ಊರಿನವರದು. ಅದನ್ನು ಚಲಾಯಿಸಲು ಬೇಕಾಗಿರುವುದು ಒಂದು ಟೇಪು ಮತ್ತು ಅರ್ಧ ಗಂಟೆ.